ಆಸ್ಪತ್ರೆಯ ನೀರು, ಶೌಚಾಲಯ, ಶುಚಿತ್ವ ಪರೀಕ್ಷಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಆಸ್ಪತ್ರೆಯ ನೀರು, ಶೌಚಾಲಯ, ಶುಚಿತ್ವದ ವ್ಯವಸ್ಥೆ ಹೇಗಿದೆ ಎಂದು ನೋಡಿ ವರದಿ ಕೊಡುವ ಕೆಲಸ ನಿಮ್ಮ ಪಾಲಿಗೆ ಬಂದಿದೆ ಎಂದುಕೊಳ್ಳಿ. ಫಾರ್ಮ್ ಹಿಡಿದು ಹೊರಟರೆ ಅರ್ಧ ದಿನದಲ್ಲಿ ಮುಗಿಸಬಹುದು. ನಲ್ಲಿ ಇದೆಯಾ? ಇದೆ. ಶೌಚಾಲಯ ಇದೆಯಾ? ಇದೆ. ಕಸದ ಡಬ್ಬಿ ಇದೆಯಾ? ಅದೂ ಇದೆ. ಎಲ್ಲ ಕಡೆ ಟಿಕ್ ಬೀಳುತ್ತದೆ, ಯಾವುದೂ ಬದಲಾಗುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ. ರಾತ್ರಿ ಎರಡು ಗಂಟೆಗೆ ಹೆರಿಗೆ ಮಾಡಿಸುವ ನರ್ಸ್‌ಗೆ ಕೈಯಳತೆಯಲ್ಲಿ ನೀರು, ಸೋಪು ಸಿಗುತ್ತದಾ? ಗಾಲಿಕುರ್ಚಿಯಲ್ಲಿ ಬಂದವರು ಯಾರ ನೆರವೂ ಇಲ್ಲದೆ ಶೌಚಾಲಯಕ್ಕೆ ಹೋಗಿ ಬರಬಹುದಾ? ಕಸ ಎತ್ತುವವರ ಕೈಗೆ ಬಳಸಿದ ಸೂಜಿ ಚುಚ್ಚುವ ಸಾಧ್ಯತೆ ಇದೆಯಾ? ವಸ್ತು ಇರುವುದಕ್ಕೂ, ಬೇಕಾದ ಹೊತ್ತಿಗೆ ಬೇಕಾದವರಿಗೆ ಅದು ಕೆಲಸಕ್ಕೆ ಬರುವುದಕ್ಕೂ ನಡುವೆ ತುಂಬ ದೂರ ಇದೆ. ಆ ದೂರವನ್ನು ಅಳೆಯುವುದೇ ಮೌಲ್ಯಮಾಪನ.

ಈ ಕೆಲಸಕ್ಕೆ ಒಳ್ಳೆಯ ಸಾಧನ ಈಗಾಗಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ರೂಪಿಸಿದ ಇದರ ಹೆಸರು ವಾಶ್ ಫಿಟ್. ಎರಡನೇ ಆವೃತ್ತಿ 2022ರಲ್ಲಿ ಬಂತು. ನೀರು, ಶೌಚ ವ್ಯವಸ್ಥೆ, ವೈದ್ಯಕೀಯ ಕಸ, ಕೈ ಶುಚಿತ್ವ, ಪರಿಸರ ಸ್ವಚ್ಛತೆ, ವಿದ್ಯುತ್ ಮತ್ತು ಪರಿಸರ, ಆಡಳಿತ ಮತ್ತು ಸಿಬ್ಬಂದಿ ಎಂದು ಏಳು ಭಾಗ ಮಾಡಿದ್ದಾರೆ. ನಿಮ್ಮ ಸರ್ಕಾರದ್ದೇ ಬೇರೆ ಫಾರ್ಮ್ ಇದ್ದರೆ ಅದನ್ನೇ ಬಳಸಿ. ಕೆಳಗೆ ಹೇಳುವ ಕ್ರಮ ಯಾವ ಫಾರ್ಮ್‌ಗಾದರೂ ಹೊಂದುತ್ತದೆ.

ಹಂತ 1: ತಂಡ ಕಟ್ಟಿ

ಒಬ್ಬರೇ ಮಾಡಬೇಡಿ. ಹೊರಗಿನವರು ಬಂದು ಅಂಕ ಹಾಕಿ ಹೋದರೆ ಒಳಗಿನವರಿಗೆ ಅದು ತಪಾಸಣೆ ಅನ್ನಿಸುತ್ತದೆ, ಎಲ್ಲರೂ ತಪ್ಪು ಮುಚ್ಚಿಡಲು ನೋಡುತ್ತಾರೆ. ಆಸ್ಪತ್ರೆಯವರೇ ತಮ್ಮ ಆಸ್ಪತ್ರೆಯನ್ನು ನೋಡಿಕೊಳ್ಳಬೇಕು. ಹೊರಗಿನವರು ಜೊತೆಗಿದ್ದು ಸಹಾಯ ಮಾಡಬಹುದು.

ತಂಡದಲ್ಲಿ ಆಸ್ಪತ್ರೆಯ ಮುಖ್ಯಸ್ಥರು ಇರಲಿ, ಇಲ್ಲದಿದ್ದರೆ ಹಣದ ತೀರ್ಮಾನ ಆಗುವುದಿಲ್ಲ. ಒಬ್ಬರು ನರ್ಸ್, ಸೋಂಕು ನಿಯಂತ್ರಣ ನೋಡಿಕೊಳ್ಳುವವರು, ನೀರು ಮತ್ತು ಕರೆಂಟ್ ರಿಪೇರಿ ಮಾಡುವವರು, ಲೆಕ್ಕಪತ್ರದವರು, ಊರಿನ ಪರವಾಗಿ ಒಬ್ಬರು ಇರಲಿ. ಇವರೆಲ್ಲರಷ್ಟೇ ಮುಖ್ಯವಾಗಿ ಸ್ವಚ್ಛತಾ ಸಿಬ್ಬಂದಿ ಇರಲೇಬೇಕು. ಯಾವ ನಲ್ಲಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಯಾವ ಶೌಚಾಲಯ ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ, ಯಾವ ಚೀಲದಲ್ಲಿ ಸೂಜಿ ಬಂದಿತ್ತು ಎನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಆದರೆ ಸಭೆಗೆ ಕರೆದರೆ ಅವರು ಹಿಂದೆ ನಿಂತು ಸುಮ್ಮನಿರುತ್ತಾರೆ. ಕುರ್ಚಿ ಕೊಟ್ಟು ಕೂರಿಸಿ, ಮೊದಲು ಅವರನ್ನೇ ಕೇಳಿ. ಮೇಲಧಿಕಾರಿ ಎದುರಿಗಿದ್ದರೆ ಮಾತಾಡಲು ಹಿಂಜರಿಯುತ್ತಾರೆ ಅನ್ನಿಸಿದರೆ ಬೇರೆಯಾಗಿ ಮಾತಾಡಿ.

ಹಂತ 2: ಹೊರಡುವ ಮುನ್ನ

ಒಂದು ಹಾಳೆಯಲ್ಲಿ ಆಸ್ಪತ್ರೆಯ ನಕ್ಷೆ ಬರೆಯಿರಿ. ಅಂದಚಂದ ಬೇಕಿಲ್ಲ. ನೀರಿನ ಮೂಲ, ಪಂಪ್, ಟ್ಯಾಂಕ್, ಪ್ರತಿ ನಲ್ಲಿ, ಪ್ರತಿ ಸಿಂಕ್, ಶೌಚಾಲಯ, ಸೆಪ್ಟಿಕ್ ಟ್ಯಾಂಕ್, ಕಸ ಕೂಡಿಡುವ ಜಾಗ, ಸುಡುವ ಅಥವಾ ಹೂಳುವ ಜಾಗ, ಎಲ್ಲವನ್ನೂ ಗುರುತಿಸಿ. ಬರೆಯುತ್ತಾ ಹೋದಂತೆ ಎಷ್ಟೋ ತಪ್ಪು ತಾನಾಗಿ ಕಾಣುತ್ತದೆ. ಬಾವಿಯ ಪಕ್ಕದಲ್ಲೇ ಶೌಚದ ಗುಂಡಿ ಇದ್ದರೆ ನಕ್ಷೆಯಲ್ಲಿ ಅದು ಮರೆಯಾಗಲು ಜಾಗವೇ ಇಲ್ಲ.

ಜೊತೆಗೆ ತೆಗೆದುಕೊಂಡು ಹೋಗಬೇಕಾದ್ದು: ಅಳತೆ ಟೇಪ್, 20 ಲೀಟರ್ ಬಕೆಟ್, ಸೆಕೆಂಡ್ ತೋರಿಸುವ ಗಡಿಯಾರ, ಟಾರ್ಚ್, ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್, ನೀರಿನ ಮಾದರಿ ಬಾಟಲಿಗಳು, ದಪ್ಪ ಕೈಗವಸು, ಮುಚ್ಚಿದ ಬೂಟು. ಫೋಟೋ ತೆಗೆಯಲು ಫೋನ್ ಸಾಕು. ರೋಗಿಗಳ ಮುಖವಾಗಲಿ, ಅವರ ದಾಖಲೆಗಳಾಗಲಿ ಫೋಟೋದಲ್ಲಿ ಬರಬಾರದು.

ಒಂದೇ ಬಾರಿ, ಬೆಳಗ್ಗೆ ಹತ್ತು ಗಂಟೆಗೆ ಹೋಗಿ ನೋಡಿದರೆ ಸಾಲದು. ಆ ಹೊತ್ತಿಗೆ ನೆಲ ಒರೆಸಿ ಮುಗಿದಿರುತ್ತದೆ, ಟ್ಯಾಂಕ್ ತುಂಬಿರುತ್ತದೆ. ಹೊರರೋಗಿಗಳು ಜಾಸ್ತಿ ಇರುವ ಹೊತ್ತಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ, ರಜೆಯ ದಿನ ಒಮ್ಮೆ ನೋಡಿ. ವರ್ಷದಲ್ಲಿ ನೀರು ಕಡಿಮೆಯಾಗುವ ಕಾಲಕ್ಕೂ ಮಳೆಗಾಲಕ್ಕೂ ಚಿತ್ರ ಬೇರೆಯೇ ಇರುತ್ತದೆ. ಒಂದರಲ್ಲಿ ನೀರೇ ಇರುವುದಿಲ್ಲ, ಇನ್ನೊಂದರಲ್ಲಿ ಗುಂಡಿಗಳು ಉಕ್ಕುತ್ತವೆ.

ಹಂತ 3: ನೀರು

ನೀರಿನ ಬಗ್ಗೆ ಮೂರು ವಿಷಯ ತಿಳಿಯಬೇಕು: ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಎಷ್ಟು ಸುರಕ್ಷಿತ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಜಂಟಿ ಲೆಕ್ಕದಲ್ಲಿ ‘ಮೂಲಭೂತ ಸೇವೆ’ ಅನ್ನಿಸಿಕೊಳ್ಳಲು ಸುಧಾರಿತ ಮೂಲದ ನೀರು ಆಸ್ಪತ್ರೆಯ ಆವರಣದಲ್ಲೇ ಸಿಗಬೇಕು. ಸುಧಾರಿತ ಮೂಲ ಎಂದರೆ ಕೊಳವೆ ನೀರು, ಕೊಳವೆಬಾವಿ, ಸರಿಯಾಗಿ ಮುಚ್ಚಿದ ಬಾವಿ, ಸಂಗ್ರಹಿಸಿದ ಮಳೆನೀರು ಇಂಥವು. ಮೂಲ ಹೊರಗಿದ್ದರೂ 500 ಮೀಟರ್ ಒಳಗಿದ್ದರೆ, ಅಥವಾ ಆವರಣದಲ್ಲೇ ಇದ್ದರೂ ನೀವು ಹೋದ ದಿನ ಅದರಲ್ಲಿ ನೀರಿಲ್ಲದಿದ್ದರೆ, ಅದು ‘ಸೀಮಿತ ಸೇವೆ’. ಆದ್ದರಿಂದ ಪ್ರತಿ ನಲ್ಲಿಯನ್ನೂ ನಿಮ್ಮ ಕೈಯಿಂದಲೇ ತಿರುಗಿಸಿ ನೋಡಿ. ‘ಬರುತ್ತೆ’ ಎಂದು ಯಾರಾದರೂ ಹೇಳಿದರೆ ಬರೆದುಕೊಳ್ಳಬೇಡಿ. ಒಟ್ಟು ಎಷ್ಟು ನಲ್ಲಿ, ಎಷ್ಟರಲ್ಲಿ ನೀರು ಬಂತು ಎಂದು ಎರಡು ಸಂಖ್ಯೆ ಬರೆಯಿರಿ.

ಈಗ ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾನದಂಡದಂತೆ ಒಬ್ಬ ಹೊರರೋಗಿಯ ಒಂದು ಭೇಟಿಗೆ 5 ಲೀಟರ್, ಒಬ್ಬ ಒಳರೋಗಿಗೆ ದಿನಕ್ಕೆ 40ರಿಂದ 60 ಲೀಟರ್, ಒಂದು ಶಸ್ತ್ರಚಿಕಿತ್ಸೆ ಅಥವಾ ಒಂದು ಹೆರಿಗೆಗೆ 100 ಲೀಟರ್ ಬೇಕು. 20 ಹಾಸಿಗೆ ತುಂಬಿರುವ, ದಿನಕ್ಕೆ 100 ಹೊರರೋಗಿಗಳು ಬರುವ, 3 ಹೆರಿಗೆ ಆಗುವ ಆಸ್ಪತ್ರೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಒಳರೋಗಿಗಳಿಗೆ 20 ಗುಣಿಸು 60, ಅಂದರೆ 1200 ಲೀಟರ್. ಹೊರರೋಗಿಗಳಿಗೆ 500. ಹೆರಿಗೆಗೆ 300. ಒಟ್ಟು 2000 ಲೀಟರ್. ಬಟ್ಟೆ ಒಗೆಯಲು, ಶೌಚಾಲಯದ ಫ್ಲಶ್‌ಗೆ ಬೇಕಾಗುವ ನೀರು ಇದಕ್ಕೆ ಮೇಲೆ. ಎರಡು ದಿನಕ್ಕೆ ಸಾಲುವಷ್ಟು ಸಂಗ್ರಹ ಇರಬೇಕು ಎಂದಾದರೆ ಕನಿಷ್ಠ 4000 ಲೀಟರ್ ಟ್ಯಾಂಕ್ ಬೇಕು. ಈ ಲೆಕ್ಕವನ್ನು ನಿಮ್ಮ ಆಸ್ಪತ್ರೆಯ ರಿಜಿಸ್ಟರ್ ನೋಡಿ, ಅತಿ ಹೆಚ್ಚು ರೋಗಿಗಳಿದ್ದ ತಿಂಗಳನ್ನು ಹಿಡಿದು ಮಾಡಿ.

ಬೇಕಾದಷ್ಟು ಬರುತ್ತಿದೆಯಾ ಎಂದು ತಿಳಿಯಲು ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. 20 ಲೀಟರ್ ಬಕೆಟ್ಟನ್ನು ಟ್ಯಾಂಕ್‌ಗೆ ಬರುವ ಪೈಪಿಗೆ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 80 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 15 ಲೀಟರ್ ಎಂದಾಯಿತು. ದಿನಕ್ಕೆ ಎಷ್ಟು ಗಂಟೆ ನೀರು ಬರುತ್ತದೆ ಎಂದು ಕೇಳಿ ಗುಣಿಸಿ. ಹೋದ ವಾರ ಎಷ್ಟು ದಿನ ನೀರು ಬರಲಿಲ್ಲ, ಆಗ ಏನು ಮಾಡಿದರು ಎಂದೂ ಕೇಳಿ. ‘ರೋಗಿಯ ಕಡೆಯವರೇ ಹೊರಗಿನಿಂದ ಬಕೆಟ್‌ನಲ್ಲಿ ತಂದರು’ ಎಂಬ ಉತ್ತರ ಬಂದರೆ ಅದನ್ನು ಹಾಗೆಯೇ ಬರೆಯಿರಿ. ವರದಿ ಓದುವವರಿಗೆ ಅಂಕಿಗಿಂತ ಜಾಸ್ತಿ ನಾಟುವುದು ಅದು.

ಮೂರನೆಯದು ಸುರಕ್ಷತೆ. ಕುಡಿಯುವ ನೀರಿನ 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಮಾದರಿ ತೆಗೆಯಲು ಲ್ಯಾಬ್ ಕೊಡುವ ಕ್ರಿಮಿರಹಿತ ಬಾಟಲಿಯನ್ನೇ ಬಳಸಿ. ನೀರಿಗೆ ಕ್ಲೋರಿನ್ ಹಾಕಿದ್ದರೆ ಬಾಟಲಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಇಲ್ಲದಿದ್ದರೆ ದಾರಿಯಲ್ಲೂ ಕ್ಲೋರಿನ್ ತನ್ನ ಕೆಲಸ ಮುಂದುವರಿಸಿ, ಕೆಟ್ಟ ನೀರೂ ಒಳ್ಳೆಯದೆಂದು ಫಲಿತಾಂಶ ಬರಬಹುದು. ನಲ್ಲಿಯ ಬಾಯಿ ಒರೆಸಿ, ಸ್ವಲ್ಪ ಹೊತ್ತು ನೀರು ಹರಿಯಲು ಬಿಟ್ಟು, ಬಾಟಲಿಯ ಒಳಭಾಗಕ್ಕೂ ಮುಚ್ಚಳದ ಒಳಭಾಗಕ್ಕೂ ಬೆರಳು ತಾಗದಂತೆ ಹಿಡಿಯಿರಿ. ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಸಾಧ್ಯವಾದರೆ 6 ಗಂಟೆಯೊಳಗೆ ಲ್ಯಾಬ್‌ಗೆ ತಲುಪಿಸಿ. 24 ಗಂಟೆ ದಾಟಬಾರದು.

ಒಂದೇ ಮಾದರಿಯಿಂದ ಏನೂ ತಿಳಿಯುವುದಿಲ್ಲ. ಮೂಲದಿಂದ ಒಂದು, ಟ್ಯಾಂಕ್‌ನಿಂದ ಒಂದು, ಅತಿ ದೂರದ ನಲ್ಲಿಯಿಂದ ಒಂದು, ರೋಗಿಗಳು ಕುಡಿಯುವ ಪಾತ್ರೆ ಅಥವಾ ಫಿಲ್ಟರ್‌ನಿಂದ ಒಂದು ತೆಗೆಯಿರಿ. ಮೂಲದಲ್ಲಿ ಚೆನ್ನಾಗಿದ್ದು ಟ್ಯಾಂಕ್‌ನಲ್ಲಿ ಕೆಟ್ಟಿದ್ದರೆ ಟ್ಯಾಂಕ್ ತೊಳೆಯಬೇಕು, ಮುಚ್ಚಳ ಸರಿಮಾಡಬೇಕು. ಟ್ಯಾಂಕ್‌ವರೆಗೂ ಚೆನ್ನಾಗಿದ್ದು ಕುಡಿಯುವ ಪಾತ್ರೆಯಲ್ಲಿ ಮಾತ್ರ ಕೆಟ್ಟಿದ್ದರೆ, ಲೋಟ ಅದ್ದಿ ತೆಗೆಯುವ ಕೈಗಳೇ ಕಾರಣ ಇರಬಹುದು. ನಲ್ಲಿ ಇರುವ ಪಾತ್ರೆ ಇಟ್ಟರೆ ಸಮಸ್ಯೆ ಅಲ್ಲಿಗೇ ಮುಗಿಯಬಹುದು.

ಕ್ಲೋರಿನ್ ಅಲ್ಲೇ ಅಳೆಯಬಹುದು. ಡಿಪಿಡಿ ಮಾತ್ರೆ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಬಣ್ಣದ ಪಟ್ಟಿಗೆ ಹೋಲಿಸಿ ಓದಬೇಕು. ಕ್ಲೋರಿನ್ ಹಾಕಿ 30 ನಿಮಿಷದ ನಂತರ ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಉಳಿದಿರಬೇಕು, ಕೊನೆಯ ನಲ್ಲಿಯಲ್ಲಿ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಮೂಗಿನಿಂದ ವಾಸನೆ ನೋಡಿ ತೀರ್ಮಾನ ಮಾಡಬೇಡಿ. ನೀರು ಕದಡಿದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ನೀರು ಎಷ್ಟು ಕದಡಿದೆ ಎನ್ನುವುದರ ಅಳತೆ ಎನ್‌ಟಿಯು. ಅದು 1ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, 5 ಮೀರಿದರೆ ಮೊದಲು ಸೋಸಬೇಕು.

ದೊಡ್ಡ ಕಟ್ಟಡಗಳಿಗೆ ಇನ್ನೊಂದು ಮಾತು. ಬಳಸದೆ ಬಿಟ್ಟ ವಾರ್ಡ್‌ನ ಪೈಪಿನಲ್ಲಿ ನಿಂತ ನೀರಿನಲ್ಲಿ, ಉಗುರುಬೆಚ್ಚಗಿನ ಬಿಸಿನೀರಿನ ಟ್ಯಾಂಕ್‌ನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಷವರ್‌ನಿಂದ ಹಾರುವ ಸಣ್ಣ ಹನಿಗಳನ್ನು ಉಸಿರಾಡಿದವರಿಗೆ ನ್ಯುಮೋನಿಯಾ ಬರಬಹುದು. ಬಿಸಿನೀರಿನ ಟ್ಯಾಂಕ್ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಬಳಸದ ನಲ್ಲಿಗಳನ್ನು ಆಗಾಗ ಹರಿಯಬಿಡುವವರು ಯಾರು ಎಂದು ಕೇಳಿ. ಡಯಾಲಿಸಿಸ್ ಇದ್ದರೆ ಅಲ್ಲಿನ ನೀರಿಗೆ ಬೇರೆಯೇ, ತುಂಬ ಕಟ್ಟುನಿಟ್ಟಿನ ಮಾನದಂಡ ಇದೆ. ಅದನ್ನು ಈ ಫಾರ್ಮ್‌ನಲ್ಲಿ ಸೇರಿಸಿ ಮುಗಿಸಬೇಡಿ, ಪರಿಣತರನ್ನು ಕರೆಸಿ.

ಹಂತ 4: ಕೈ ಶುಚಿತ್ವ

ಇಡೀ ಮೌಲ್ಯಮಾಪನದಲ್ಲಿ ಒಂದೇ ಭಾಗ ಮಾಡಲು ಸಮಯ ಇದೆ ಎಂದಾದರೆ ಇದನ್ನೇ ಮಾಡಿ. 1847ರಲ್ಲಿ ವಿಯೆನ್ನಾದ ಹೆರಿಗೆ ವಿಭಾಗದಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್, ಶವಪರೀಕ್ಷೆ ಮಾಡಿ ಬರುವ ವೈದ್ಯರು ಕ್ಲೋರಿನ್ ಸುಣ್ಣದ ದ್ರಾವಣದಲ್ಲಿ ಕೈ ತೊಳೆದೇ ಒಳಗೆ ಬರಬೇಕು ಎಂದು ನಿಯಮ ಮಾಡಿದರು. ಬಾಣಂತಿಯರ ಸಾವು ತೀರಾ ಇಳಿಯಿತು. ಅಂಥ ಹಳೆಯ ಪಾಠ ಇದು. ಆದರೂ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ 2022ರ ಜಂಟಿ ವರದಿಯ ಪ್ರಕಾರ ಜಗತ್ತಿನ ಸುಮಾರು ಅರ್ಧದಷ್ಟು ಆರೋಗ್ಯ ಕೇಂದ್ರಗಳಲ್ಲಿ ಕೈ ಶುಚಿತ್ವದ ಮೂಲಭೂತ ಸೇವೆ ಇಲ್ಲ. ಓದಿದಾಗಲೆಲ್ಲ ಮನಸ್ಸಿಗೆ ಕಷ್ಟವಾಗುವ ಸಂಗತಿ.

ಮೂಲಭೂತ ಸೇವೆ ಎಂದರೆ ಎರಡು ಕಡೆ ವ್ಯವಸ್ಥೆ ಇರಬೇಕು. ಚಿಕಿತ್ಸೆ ನಡೆಯುವ ಜಾಗದಲ್ಲಿ ನೀರು ಮತ್ತು ಸೋಪು, ಅಥವಾ ಆಲ್ಕೋಹಾಲ್ ಹ್ಯಾಂಡ್ ರಬ್ (ಸ್ಯಾನಿಟೈಸರ್). ಶೌಚಾಲಯದಿಂದ 5 ಮೀಟರ್ ಒಳಗೆ ನೀರು ಮತ್ತು ಸೋಪು. ಶೌಚಾಲಯದ ಬಳಿ ಹ್ಯಾಂಡ್ ರಬ್ ಮಾತ್ರ ಇಟ್ಟರೆ ಲೆಕ್ಕಕ್ಕೆ ಬರುವುದಿಲ್ಲ. ಕಣ್ಣಿಗೆ ಕಾಣುವ ಕೊಳೆಯನ್ನು ಅದು ತೆಗೆಯುವುದಿಲ್ಲ.

ಅಳತೆ ಟೇಪ್ ಇಲ್ಲಿ ಕೆಲಸಕ್ಕೆ ಬರುತ್ತದೆ. ರೋಗಿಯ ಹಾಸಿಗೆಯಿಂದ ಸಿಂಕ್ ಅಥವಾ ಹ್ಯಾಂಡ್ ರಬ್ ಬಾಟಲಿಗೆ ಎಷ್ಟು ದೂರ? ಎರಡು ಬಾಗಿಲು ದಾಟಿ ಹೋಗಬೇಕಾದರೆ, ಬಿಡುವಿಲ್ಲದ ಹೊತ್ತಿನಲ್ಲಿ ಎಷ್ಟೇ ಪ್ರಾಮಾಣಿಕ ನರ್ಸ್ ಆದರೂ ಪ್ರತಿ ಸಲ ಹೋಗಲಾರರು. ಹೆರಿಗೆ ಕೊಠಡಿ, ಡ್ರೆಸಿಂಗ್ ಕೊಠಡಿ, ಲಸಿಕೆ ಕೊಡುವ ಮೇಜು, ಲ್ಯಾಬ್, ನವಜಾತ ಶಿಶುಗಳ ಘಟಕ, ಕಸ ಕೂಡಿಡುವ ಜಾಗ, ಅಡುಗೆಮನೆ, ಒಂದೊಂದನ್ನೂ ಬೇರೆ ಬೇರೆಯಾಗಿ ಬರೆಯಿರಿ. ಆಸ್ಪತ್ರೆಗೆಲ್ಲ ಸೇರಿ ಒಂದೇ ‘ಇದೆ’ ಬರೆದರೆ ಹೆರಿಗೆ ಕೊಠಡಿಯ ಕೊರತೆ ಅದರೊಳಗೆ ಮುಳುಗಿಹೋಗುತ್ತದೆ.

ಕೊಳಾಯಿ ಇಲ್ಲದ ಕಡೆ ನಲ್ಲಿ ಇರುವ ಬಕೆಟ್ ಸಾಕು, ಅದನ್ನು ಕೀಳಾಗಿ ಕಾಣಬೇಡಿ. ಆದರೆ ನೀರು ಹರಿಯಬೇಕು. ಬೇಸಿನ್‌ನಲ್ಲಿ ನೀರು ತುಂಬಿಟ್ಟು ಎಲ್ಲರೂ ಕೈ ಅದ್ದುವುದು, ಒಂದೇ ಟವೆಲ್‌ನಲ್ಲಿ ಎಲ್ಲರೂ ಒರೆಸುವುದು, ಎರಡೂ ಸೋಂಕು ಹಂಚುವ ದಾರಿಗಳು. ಇನ್ನೂ ಒಂದನ್ನು ನೋಡಿ: ಕೈ ತೊಳೆಯುವ ಸಿಂಕ್‌ಗೆ ರೋಗಿಯ ದ್ರವಗಳನ್ನೋ ಉಳಿದ ಔಷಧಿಯನ್ನೋ ಸುರಿಯುತ್ತಾರಾ? ಸಿಂಕ್‌ನ ಕೆಳಪೈಪಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿ, ನೀರು ಬಿಟ್ಟಾಗ ಸಿಡಿದು ಪಕ್ಕದ ಹಾಸಿಗೆಗೋ ಔಷಧಿ ತಟ್ಟೆಗೋ ಹಾರಬಹುದು.

ಸೌಲಭ್ಯ ಇದ್ದರೆ ಬಳಕೆ ಆಗುತ್ತಿದೆ ಎಂದಲ್ಲ. ಅದಕ್ಕೆ ವೀಕ್ಷಣೆ ಬೇಕು. ಕೈ ಶುಚಿ ಮಾಡಿಕೊಳ್ಳಬೇಕಾದ ಐದು ಕ್ಷಣಗಳಿವೆ: ರೋಗಿಯನ್ನು ಮುಟ್ಟುವ ಮುನ್ನ, ಕ್ರಿಮಿ ತಾಗದಂತೆ ಮಾಡಬೇಕಾದ ಕೆಲಸಕ್ಕೆ ಮುನ್ನ, ದೇಹದ ದ್ರವ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲ ವಸ್ತು ಮುಟ್ಟಿದ ಮೇಲೆ. ಒಂದು ಕಡೆ ಸುಮ್ನೆ 20 ನಿಮಿಷ ಕುಳಿತು, ಇಂಥ ಕ್ಷಣ ಎಷ್ಟು ಬಂದವು, ಎಷ್ಟರಲ್ಲಿ ಕೈ ಶುಚಿ ಮಾಡಿದರು ಎಂದು ಗುರುತು ಹಾಕಿ. ಹ್ಯಾಂಡ್ ರಬ್ ಆದರೆ 20ರಿಂದ 30 ಸೆಕೆಂಡ್ ಉಜ್ಜಬೇಕು, ಸೋಪು ನೀರಿನಲ್ಲಿ ಇಡೀ ಕೆಲಸಕ್ಕೆ 40ರಿಂದ 60 ಸೆಕೆಂಡ್ ಬೇಕು. ಯಾರ ಹೆಸರನ್ನೂ ಬರೆಯಬೇಡಿ. ಕೈಗವಸು ಹಾಕಿಕೊಂಡದ್ದನ್ನು ಕೈ ತೊಳೆದಂತೆ ಎಣಿಸಬೇಡಿ.

ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಎಲ್ಲರೂ ಜಾಸ್ತಿ ಕೈ ತೊಳೆಯುತ್ತಾರೆ, ಸಹಜ ಅಲ್ವಾ? ಅದಕ್ಕಾಗಿ ಸ್ಟೋರ್‌ನ ಲೆಕ್ಕವನ್ನೂ ನೋಡಿ. ತಿಂಗಳಿಗೆ ಎಷ್ಟು ಹ್ಯಾಂಡ್ ರಬ್, ಎಷ್ಟು ಸೋಪು ಖರ್ಚಾಗಿದೆ? ಒಬ್ಬ ರೋಗಿ ಒಂದು ದಿನ ದಾಖಲಾಗಿದ್ದರೆ ಒಂದು ರೋಗಿ-ದಿನ. 1000 ರೋಗಿ-ದಿನಗಳಿಗೆ 20 ಲೀಟರ್ ಹ್ಯಾಂಡ್ ರಬ್ ಎಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಬಳಸುತ್ತದೆ. ಖರ್ಚು ಇದರ ಹತ್ತಿರಕ್ಕೂ ಬರದಿದ್ದರೆ, ವೀಕ್ಷಣೆಯಲ್ಲಿ ಬಂದ ಒಳ್ಳೆಯ ಅಂಕವನ್ನು ಅನುಮಾನದಿಂದಲೇ ನೋಡಿ.

ಹಂತ 5: ಶೌಚಾಲಯ

ಬೀಗ ಹಾಕಿದ ಶೌಚಾಲಯ ಲೆಕ್ಕಕ್ಕಿಲ್ಲ. ಕಟ್ಟಿಕೊಂಡದ್ದೂ ಇಲ್ಲ, ಒಳಗಿನಿಂದ ಚಿಲಕ ಹಾಕಲಾಗದ್ದೂ ಇಲ್ಲ. ಬಳಸಲು ಯೋಗ್ಯ ಎನ್ನಬೇಕಾದರೆ ತೆರೆದಿರಬೇಕು, ಕೆಲಸ ಮಾಡುತ್ತಿರಬೇಕು, ಮರೆ ಇರಬೇಕು. ಮೂಲಭೂತ ಸೇವೆಗೆ ಇದರ ಮೇಲೆ ಇನ್ನೂ ಮೂರು ಬೇಕು. ಸಿಬ್ಬಂದಿಗೆಂದೇ ಕನಿಷ್ಠ ಒಂದು ಶೌಚಾಲಯ, ಮುಟ್ಟಿನ ಸಮಯದಲ್ಲಿ ಬೇಕಾದ ಸೌಲಭ್ಯ ಇರುವ, ಮಹಿಳೆಯರಿಗೆ ಪ್ರತ್ಯೇಕವಾದ ಕನಿಷ್ಠ ಒಂದು, ನಡೆಯಲು ಕಷ್ಟ ಇರುವವರು ಬಳಸಬಹುದಾದ ಕನಿಷ್ಠ ಒಂದು. ಒಳರೋಗಿಗಳಿಗೆ 20 ಜನಕ್ಕೆ ಒಂದರಂತೆ ಇರಬೇಕು.

ಆ ಮೂರರಲ್ಲಿ ಕೊನೆಯ ಎರಡಕ್ಕೆ ಬಾಯಿಮಾತಿಗೆ ಟಿಕ್ ಹಾಕುವುದು ಬಹಳ. ಮುಟ್ಟಿನ ಸೌಲಭ್ಯ ಎಂದರೆ ಮುಚ್ಚಳ ಇರುವ ಡಬ್ಬಿ, ಚಿಲಕ ಹಾಕಿದ ಜಾಗದ ಒಳಗೇ ನೀರು ಮತ್ತು ಸೋಪು. ನಡೆಯಲಾಗದವರಿಗೆ ಎಂದರೆ ಮೆಟ್ಟಿಲಿಲ್ಲದ ದಾರಿ, ಹಿಡಿದುಕೊಳ್ಳಲು ಕಂಬಿ, ಕನಿಷ್ಠ 80 ಸೆಂಟಿಮೀಟರ್ ಅಗಲದ ಬಾಗಿಲು, ಕುಳಿತೇ ತಲುಪಬಹುದಾದ ಚಿಲಕ. ಬಾಗಿಲು ಅಳೆಯಿರಿ. ಆಸ್ಪತ್ರೆಯಲ್ಲಿ ಗಾಲಿಕುರ್ಚಿ ಇದ್ದೇ ಇರುತ್ತದೆ, ಅದನ್ನು ತಳ್ಳಿಕೊಂಡು ಹೋಗಿ ಒಳಗೆ ತಿರುಗುತ್ತದಾ ನೋಡಿ. ಈಗಷ್ಟೇ ಹೆರಿಗೆಯಾದ ತಾಯಿ ಅಲ್ಲಿಗೆ ನಡೆದು ಹೋಗಬಲ್ಲಳಾ? ರಾತ್ರಿ ದಾರಿಯಲ್ಲಿ ದೀಪ ಇದೆಯಾ? ಇದನ್ನು ಮಹಿಳಾ ವಾರ್ಡ್‌ನಲ್ಲಿ ಇರುವವರನ್ನೇ ಕೇಳಿ, ಮಹಿಳೆಯರೇ ಕೇಳಲಿ.

ನಂತರ ಹೊಲಸು ಎಲ್ಲಿಗೆ ಹೋಗುತ್ತದೆ ಎಂದು ಕೊನೆಯವರೆಗೂ ಹಿಂಬಾಲಿಸಿ. ಸೆಪ್ಟಿಕ್ ಟ್ಯಾಂಕ್ ಎಂದು ಹೇಳುವುದು ನಿಜಕ್ಕೂ ಸೆಪ್ಟಿಕ್ ಟ್ಯಾಂಕೇ, ಅಥವಾ ಚರಂಡಿಗೆ ನೇರ ಪೈಪಾ? ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದರು, ಖಾಲಿ ಮಾಡಿದವರು ಎಲ್ಲಿ ಸುರಿದರು? ಶೌಚದ ಗುಂಡಿ ಬಾವಿ ಅಥವಾ ಕೊಳವೆಬಾವಿಯಿಂದ ಕನಿಷ್ಠ 30 ಮೀಟರ್ ದೂರ, ಗುಂಡಿಯ ತಳ ಅಂತರ್ಜಲ ಮಟ್ಟಕ್ಕಿಂತ ಕನಿಷ್ಠ 1.5 ಮೀಟರ್ ಮೇಲೆ ಇರಬೇಕು. ನೆಲದ ಗುಣ ನೋಡಿ ಇನ್ನೂ ಜಾಸ್ತಿ ಬೇಕಾಗಬಹುದು.

ಹಂತ 6: ವೈದ್ಯಕೀಯ ಕಸ

ಆಸ್ಪತ್ರೆಯ ಕಸದಲ್ಲಿ ಸುಮಾರು 85 ಭಾಗ ಮನೆಯ ಕಸದಂಥದ್ದೇ. ಅಪಾಯಕಾರಿ ಆಗಿರುವುದು 15 ಭಾಗ. ಆದರೆ ಎರಡನ್ನೂ ಒಂದೇ ಚೀಲಕ್ಕೆ ಹಾಕಿದ ಕ್ಷಣ ನೂರಕ್ಕೆ ನೂರು ಅಪಾಯಕಾರಿ ಆಗುತ್ತದೆ, ಸಾಗಿಸುವ ಮತ್ತು ಸಂಸ್ಕರಿಸುವ ಖರ್ಚೂ ಅಷ್ಟೇ ಪಾಲು ಏರುತ್ತದೆ. ಹಾಗಾಗಿ ಬೇರ್ಪಡಿಸುವುದು ಕಸ ಹುಟ್ಟುವ ಜಾಗದಲ್ಲೇ ಆಗಬೇಕು. ಸೂಜಿಯಂಥ ಚೂಪು ವಸ್ತುಗಳಿಗೆ, ಸೋಂಕಿನ ಕಸಕ್ಕೆ, ಸಾಮಾನ್ಯ ಕಸಕ್ಕೆ, ಹೀಗೆ ಕನಿಷ್ಠ ಮೂರು ಡಬ್ಬಿ ಬೇಕು. ಬಣ್ಣಗಳ ನಿಯಮ ದೇಶದಿಂದ ದೇಶಕ್ಕೆ ಬೇರೆ, ನಿಮ್ಮಲ್ಲಿನದನ್ನು ಅನುಸರಿಸಿ.

ಡಬ್ಬಿಯ ಹೊರಗಿನ ಚೀಟಿ ಓದಿ ಮುಂದೆ ಹೋಗಬೇಡಿ, ಮುಚ್ಚಳ ತೆಗೆದು ಒಳಗೆ ನೋಡಿ. ಕೈ ಮಾತ್ರ ಹಾಕಬೇಡಿ. ಸೂಜಿ ಡಬ್ಬಿ ಚುಚ್ಚಿದರೆ ತೂತಾಗದಂಥದ್ದಾ? ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ ತೆಗೆಯುತ್ತಾರಾ? ಅದು ಚುಚ್ಚುಮದ್ದು ಕೊಡುವ ಕೈಗೆ ಹತ್ತಿರ ಇದೆಯಾ, ಅಥವಾ ಬಳಸಿದ ಸೂಜಿ ಹಿಡಿದು ಕೋಣೆ ದಾಟಬೇಕಾ? ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸ ಇದೆಯಾ? ಸೂಜಿ ಚುಚ್ಚುವ ಅಪಘಾತಗಳು ಎಷ್ಟೋ ಸಲ ಆಗುವುದು ಆ ಗಳಿಗೆಯಲ್ಲೇ.

ಆಮೇಲೆ ಒಂದು ಚೀಲವನ್ನು ಹಾಸಿಗೆಯ ಪಕ್ಕದಿಂದ ಅದರ ಕೊನೆಯ ಜಾಗದವರೆಗೂ ನಡೆದು ಹಿಂಬಾಲಿಸಿ. ಮೂರು ಡಬ್ಬಿಯಲ್ಲಿ ಚೆಂದವಾಗಿ ಬೇರ್ಪಟ್ಟ ಕಸ ಹಿಂಬದಿಯ ಒಂದೇ ಗುಂಡಿಗೆ ಬೀಳುವುದನ್ನು ನೀವು ಕಾಣಬಹುದು. ಕೂಡಿಡುವ ಜಾಗಕ್ಕೆ ಬೀಗ ಇದೆಯಾ, ಮಕ್ಕಳು, ಪ್ರಾಣಿಗಳು ಒಳಗೆ ಬರಬಹುದಾ ನೋಡಿ. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಇದ್ದರೆ 121 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಇಟ್ಟ ದಾಖಲೆ ಕೇಳಿ. ಬಯಲಿನಲ್ಲಿ ಸುಡುವುದು ಬೇರೆ ಯಾವ ದಾರಿಯೂ ಇಲ್ಲದಾಗಿನ ಕೊನೆಯ ಮಾತು. ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷ ಇರುತ್ತದೆ. ಕಸ ಎತ್ತುವವರಿಗೆ ದಪ್ಪ ಕೈಗವಸು, ಬೂಟು ಕೊಟ್ಟಿದ್ದಾರಾ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದಾರಾ ಎಂದು ಅವರನ್ನೇ ಕೇಳಿ.

ಹಂತ 7: ಸ್ವಚ್ಛತೆ

ಇಲ್ಲಿ ಮೂಲಭೂತ ಸೇವೆಗೆ ಎರಡೇ ಷರತ್ತು: ಸ್ವಚ್ಛ ಮಾಡುವ ವಿಧಾನ ಬರಹದಲ್ಲಿರಬೇಕು, ಸ್ವಚ್ಛತೆಯ ಹೊಣೆ ಇರುವ ಎಲ್ಲರಿಗೂ ತರಬೇತಿ ಸಿಕ್ಕಿರಬೇಕು. ಕೆಲವರಿಗೆ ಸಿಕ್ಕಿದ್ದರೆ ಅದು ಸೀಮಿತ ಸೇವೆ. ಬರಹ ಕಚೇರಿಯ ಬೀರುವಿನಲ್ಲಿದ್ದು, ಅದನ್ನು ಬಳಸಬೇಕಾದವರು ಒಮ್ಮೆಯೂ ನೋಡಿರದಿದ್ದರೆ ಹಾಗೆಂದು ವರದಿಯಲ್ಲಿ ಬರೆಯಿರಿ.

ಕೆಲಸ ಮಾಡುವಾಗ ಜೊತೆಗಿದ್ದು ನೋಡಿ. ಶುಚಿ ಇರುವ ಕಡೆಯಿಂದ ಕೊಳೆ ಇರುವ ಕಡೆಗೆ, ಮೇಲಿನಿಂದ ಕೆಳಕ್ಕೆ ಒರೆಸಬೇಕು. ಶೌಚಾಲಯದ ಬಟ್ಟೆ ವಾರ್ಡ್‌ಗೆ ಬರಬಾರದು. ಮೊದಲು ಸೋಪು ನೀರು, ಆಮೇಲೆ ಕ್ಲೋರಿನ್. ರಕ್ತ, ಕೊಳೆ ಇರುವಾಗಲೇ ಕ್ಲೋರಿನ್ ಸುರಿದರೆ ಅದರ ಶಕ್ತಿ ಅಲ್ಲೇ ಕರಗಿಹೋಗುತ್ತದೆ. ರಕ್ತ ಚೆಲ್ಲಿದ ಕಡೆಗೆ 0.5 ಶೇಕಡಾ ದ್ರಾವಣ ಬೇಕು. 5 ಶೇಕಡಾ ಬ್ಲೀಚ್ ಇದ್ದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಬೇಕು. ಅದನ್ನು ಪ್ರತಿದಿನ ಹೊಸದಾಗಿ ಮಾಡುತ್ತಾರಾ, ಅಳತೆಯ ಪಾತ್ರೆ ಇದೆಯಾ ಅಥವಾ ಅಂದಾಜಿಗೆ ಸುರಿಯುತ್ತಾರಾ? ಬ್ಲೀಚನ್ನು ಆಸಿಡ್ ಅಥವಾ ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆಸಿದರೆ ವಿಷಾನಿಲ ಬರುತ್ತದೆ ಎಂದು ಅವರಿಗೆ ಯಾರಾದರೂ ಹೇಳಿದ್ದಾರಾ?

ಒರೆಸಿದ್ದು ನಿಜಕ್ಕೂ ಒರೆಸಿದೆಯಾ ಎಂದು ತಿಳಿಯಲು ಒಂದು ಸರಳ ವಿಧಾನ ಇದೆ. ಬಾಗಿಲ ಹಿಡಿ, ಹಾಸಿಗೆಯ ಕಂಬಿ, ಸ್ವಿಚ್, ಸಲೈನ್ ಸ್ಟ್ಯಾಂಡ್ ಇಂಥ ಪದೇಪದೇ ಕೈ ತಾಗುವ ಜಾಗಗಳಿಗೆ ಕಣ್ಣಿಗೆ ಕಾಣದ, ನೇರಳಾತೀತ ಬೆಳಕಿನಲ್ಲಿ ಮಾತ್ರ ಹೊಳೆಯುವ ಜೆಲ್ ಹಚ್ಚಿ. ಮರುದಿನ ಸ್ವಚ್ಛ ಮಾಡಿದ ನಂತರ ನೇರಳಾತೀತ ಟಾರ್ಚ್ ಹಿಡಿದು ಎಷ್ಟು ಗುರುತು ಉಳಿದಿವೆ ಎಣಿಸಿ. ಫಲಿತಾಂಶವನ್ನು ಸ್ವಚ್ಛತಾ ಸಿಬ್ಬಂದಿಯ ಜೊತೆಗೇ ಕುಳಿತು ನೋಡಿ. ಶಿಕ್ಷೆಗೆ ಬಳಸಿದರೆ ಮುಂದಿನ ಸಲ ಯಾರೂ ನಿಮಗೆ ನಿಜ ಹೇಳುವುದಿಲ್ಲ.

ಹಂತ 8: ಕರೆಂಟ್, ಹಣ

ಪಂಪ್ ನಡೆಯುವುದು ಕರೆಂಟ್‌ನಿಂದ. ಕರೆಂಟ್ ಹೋದಾಗ ಎಷ್ಟು ಗಂಟೆ ನೀರು ಉಳಿಯುತ್ತದೆ, ಜನರೇಟರ್‌ಗೆ ಇಂಧನ ಇದೆಯಾ, ನಿಮ್ಮ ಎದುರೇ ಒಮ್ಮೆ ಚಾಲೂ ಮಾಡಿ ತೋರಿಸಲು ಹೇಳಿ. ಸೋಪು, ಬ್ಲೀಚ್, ಬಿಡಿಭಾಗಕ್ಕೆ ಬಜೆಟ್‌ನಲ್ಲಿ ಬೇರೆ ಸಾಲು ಇದೆಯಾ ನೋಡಿ. ಹೊಸ ಶೌಚಾಲಯ ಕಟ್ಟಲು ಹಣ ಸಿಗುತ್ತದೆ, ಅದರ ನಲ್ಲಿಯ ವಾಷರ್ ಬದಲಿಸಲು ಸಿಗುವುದಿಲ್ಲ. ಹೊಸ ವ್ಯವಸ್ಥೆಗಳು ಬೇಗ ಹಾಳಾಗುವುದು ಇದರಿಂದ.

ಹಂತ 9: ಅಂಕ ಹಾಕಿ, ಅಪಾಯ ತೂಗಿ

ವಾಶ್ ಫಿಟ್‌ನಲ್ಲಿ ಪ್ರತಿ ಅಂಶಕ್ಕೂ ಮೂರೇ ಮಟ್ಟ: ಪೂರ್ತಿ ಇದೆ, ಭಾಗಶಃ ಇದೆ, ಇಲ್ಲ. ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿದರೆ ಓದು ಬಾರದವರಿಗೂ ಗೋಡೆಯ ಮೇಲಿನ ಹಾಳೆ ಅರ್ಥವಾಗುತ್ತದೆ. ಅನುಮಾನ ಬಂದಾಗ ಕೆಳಗಿನ ಮಟ್ಟವನ್ನೇ ಹಾಕಿ.

ಒಟ್ಟು ಶೇಕಡಾವಾರು ಅಂಕಕ್ಕೆ ಮರುಳಾಗಬೇಡಿ. 80 ಶೇಕಡಾ ಬಂದ ಆಸ್ಪತ್ರೆಯಲ್ಲೂ ಉಳಿದ 20ರಲ್ಲಿ ಹೆರಿಗೆ ಕೊಠಡಿಯ ನೀರು ಇರಬಹುದು. ಅದಕ್ಕಾಗಿ ಪ್ರತಿ ಕೊರತೆಗೂ ಎರಡು ಪ್ರಶ್ನೆ ಕೇಳಿ: ಇದರಿಂದ ತೊಂದರೆ ಆಗುವ ಸಾಧ್ಯತೆ ಎಷ್ಟು? ಆದರೆ ಎಷ್ಟು ಗಂಭೀರ? ಕಚೇರಿಯ ನಲ್ಲಿ ಸೋರುತ್ತಿದೆ, ಹೆರಿಗೆ ಕೊಠಡಿಯಲ್ಲಿ ಸೋಪಿಲ್ಲ. ಫಾರ್ಮ್‌ನಲ್ಲಿ ಎರಡೂ ಒಂದೊಂದು ಸಾಲು. ಅಪಾಯದಲ್ಲಿ ಅವೆರಡಕ್ಕೂ ಹೋಲಿಕೆಯೇ ಇಲ್ಲ. ತಂಡದಲ್ಲಿ ಭಿನ್ನಾಭಿಪ್ರಾಯ ಬಂದರೆ ಒಳ್ಳೆಯದೇ, ವಾದ ಮಾಡಿ ತೀರ್ಮಾನಿಸಿ.

ಹಂತ 10: ಸುಧಾರಣೆಯ ಪಟ್ಟಿ

ಇಷ್ಟೆಲ್ಲ ಮಾಡಿದ್ದು ಇದಕ್ಕಾಗಿ. ಪಟ್ಟಿಯ ಪ್ರತಿ ಸಾಲಿನಲ್ಲೂ ಏನು ಮಾಡಬೇಕು, ಯಾರು, ಯಾವ ದಿನದೊಳಗೆ, ಹಣ ಎಲ್ಲಿಂದ, ಆಗಿದೆ ಎಂದು ಹೇಗೆ ನೋಡುವುದು ಎಂದು ಬರೆಯಿರಿ. ‘ನೀರಿನ ವ್ಯವಸ್ಥೆ ಉತ್ತಮಪಡಿಸುವುದು’ ಎಂಬಂಥ ಸಾಲಿನಿಂದ ಏನೂ ಆಗುವುದಿಲ್ಲ. ‘ಹೆರಿಗೆ ಕೊಠಡಿಯ ಎರಡನೇ ನಲ್ಲಿಗೆ ವಾಷರ್ ಹಾಕುವುದು, ಪ್ಲಂಬರ್, ಈ ಶುಕ್ರವಾರ’ ಎಂದು ಬರೆದರೆ ಆಗುತ್ತದೆ. ಹುದ್ದೆಯ ಜೊತೆ ವ್ಯಕ್ತಿಯ ಹೆಸರೂ ಇರಲಿ.

ಹೊಸ ಹಣ ಕೇಳದೆ ಒಂದೇ ವಾರದಲ್ಲಿ ಆಗುವ ಕೆಲಸಗಳನ್ನು ಮೇಲೆ ಹಾಕಿ. ಹ್ಯಾಂಡ್ ರಬ್ ಬಾಟಲಿಯನ್ನು ಬೀರುವಿನಿಂದ ಹಾಸಿಗೆಯ ಪಕ್ಕಕ್ಕೆ ತರುವುದು, ಶೌಚಾಲಯದ ಬೀಗ ತೆಗೆದು ಒಳಗೆ ಚಿಲಕ ಹಾಕುವುದು, ಸೂಜಿ ಡಬ್ಬಿಯ ಜಾಗ ಬದಲಿಸುವುದು, ಟ್ಯಾಂಕ್‌ಗೆ ಮುಚ್ಚಳ. ಇವು ಸಣ್ಣವೇ, ಆದರೆ ಅಪಾಯದ ದೊಡ್ಡ ಪಾಲನ್ನು ಇಳಿಸುತ್ತವೆ. ಬದಲಾವಣೆ ಕಣ್ಣಿಗೆ ಕಂಡರೆ ಸಿಬ್ಬಂದಿಗೂ ಹುರುಪು ಬರುತ್ತದೆ. ಕೊಳವೆಬಾವಿ, ಹೊಸ ಶೌಚಾಲಯ, ಆಟೋಕ್ಲೇವ್‌ನಂಥ ದೊಡ್ಡ ಕೆಲಸಗಳಿಗೆ ನಿಮ್ಮ ನಕ್ಷೆ, ಫೋಟೋ, ನೀರಿನ ಲೆಕ್ಕ, ಲ್ಯಾಬ್ ಫಲಿತಾಂಶ ಸೇರಿಸಿ ಮೇಲಿನವರಿಗೆ ಮನವಿ ಬರೆಯಿರಿ. ಅದರಲ್ಲಿ ವರ್ಷದ ನಿರ್ವಹಣೆಯ ಖರ್ಚನ್ನೂ ಕೇಳಿ.

ತಂಡ ತಿಂಗಳಿಗೊಮ್ಮೆ ಕುಳಿತು ಪಟ್ಟಿ ನೋಡಲಿ. ಆರು ತಿಂಗಳಿಗೊಮ್ಮೆ ಇಡೀ ಮೌಲ್ಯಮಾಪನವನ್ನು ಮತ್ತೆ ಮಾಡಿ, ಅದೇ ಫಾರ್ಮ್‌ನಲ್ಲಿ, ಅದೇ ಜಾಗಗಳಲ್ಲಿ. ಫಾರ್ಮ್ ಬದಲಿಸಿದರೆ ಹೋಲಿಕೆ ಕೆಡುತ್ತದೆ. ಎರಡನೇ ಸಲ ಅಂಕ ಇಳಿದರೆ ಗಾಬರಿ ಬೇಡ. ಮೊದಲ ಸಲ ಬಾಯಿಮಾತಿಗೆ ಹಾಕಿದ ಟಿಕ್‌ಗಳು ಈಗ ಬಿದ್ದಿರಬಹುದು. ಯಾವ ಸಾಲು ಯಾಕೆ ಇಳಿಯಿತು ಎಂದು ಪಕ್ಕದಲ್ಲೇ ಒಂದು ವಾಕ್ಯ ಬರೆದಿಡಿ, ಮುಂದಿನ ತಂಡಕ್ಕೆ ಅದು ಬೇಕಾಗುತ್ತದೆ.